ದೇವರ ಭಯದಲ್ಲಿ ಆಶೀರ್ವಾದವಿದೆ ಎನ್ನುತ್ತಾರೆ, ನನಗೇಕೆ ಬರೀ ಭಯ?

ಪ್ರಶ್ನೆ: ಅಯ್ಯನವರಿಗೆ ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು. ನಾನು ಹಾಸನ ಜಿಲ್ಲೆಯವಳು, ಖಾಸಗಿ ಶಾಲೆಯಲ್ಲಿ ಟೀಚರ್. ಮದುವೆಯ ದಿನ ನಮಗೆ ಸತ್ಯವೇದದ (ಬೈಬಲಿನ) 128ನೇ ಕೀರ್ತನೆ ಓದಿ ಆಶೀರ್ವದಿಸಿದ್ದರು. ದೇವರಿಗೆ ಭಯಪಡುವವನಿಗೆ ದುಡಿಮೆಯ ಫಲ, ಮಕ್ಕಳು ಸಿಗುವರೆಂದು ಹೇಳುವ ಕೀರ್ತನೆ ಅದು. ಒಂಬತ್ತು ವರ್ಷದ ಒಬ್ಬಳು ಮಗಳಿದ್ದಾಳೆ. ಅವಳಾದ ಮೇಲೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಹೋದ ವರ್ಷ ಯಜಮಾನರ ಗ್ಯಾರೇಜು ಮುಚ್ಚಿತು. ಕೆಲಸದ ಹುಡುಗರ ಸಂಬಳ ಬಾಕಿ ಉಳಿಯಬಾರದೆಂದು ತಮ್ಮ ಬೈಕನ್ನೇ ಮಾರಿದರು. ನಾವು ಈಗ ಹೋಗುವ ಸಭೆಯ ಪಾಸ್ಟರ್ "ನಿಮ್ಮ ಮನೆಯಲ್ಲಿ ದೇವರ ಭಯ ಇಲ್ಲ, ಅದಕ್ಕೇ ಆಶೀರ್ವಾದ ತಡೆದಿದೆ" ಎಂದರು. ಅಂದಿನಿಂದ ಯಜಮಾನರು ಸಭೆಗೆ ಬರುವುದನ್ನು ಬಿಟ್ಟಿದ್ದಾರೆ. ನಾನು ಹೆಂಗಸರ ಸಂಘದಲ್ಲಿ ಸಾಲ ತೆಗೆದು ಸಭೆಗೆ ದಶಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡುತ್ತಿದ್ದೇನೆ. ರಾತ್ರಿ ಪಾಪ ಅರಿಕೆ ಮಾಡಲು ಕೂತರೆ ಒಂದು ಗಂಟೆಯಾದರೂ ಏಳಲಾಗುವುದಿಲ್ಲ. ಏನೋ ಬಿಟ್ಟುಹೋಯಿತು ಅನಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಕ್ಷಮೆಯಿಲ್ಲದ ಪಾಪ ನನ್ನಿಂದ ಆಗಿದೆಯೇನೋ ಎಂಬ ಯೋಚನೆ ಬಿಡುವುದಿಲ್ಲ. ಮಗಳು ಈಚೆಗೆ ಹಾಸಿಗೆ ಒದ್ದೆ ಮಾಡುತ್ತಾಳೆ, "ದೇವರು ನನ್ನನ್ನೂ ತಗೊಂಡುಬಿಡ್ತಾನಾ ಅಮ್ಮಾ" ಎಂದು ಕೇಳುತ್ತಾಳೆ. ಸಂಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ ಎಂದು ಯೋಹಾನನು ಬರೆದಿದ್ದಾನೆ. ಹಾಗಾದರೆ ದೇವರಿಗೆ ಭಯಪಡಬೇಕೋ ಬೇಡವೋ? ಈ ಭಯ ಬಿಟ್ಟರೆ ಉಳಿದ ಆಶೀರ್ವಾದವೂ ಹೋದೀತೇ? ನನ್ನ ಗಂಡನಿಗೆ ದೈವಭಯ ಇಲ್ಲವೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಓದಿ ಮೊದಲು ಹೇಳಬೇಕೆನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗರ್ಭ ನಿಲ್ಲದೇ ಹೋದದ್ದು ನಿಮ್ಮ ಮನೆಯ ಭಕ್ತಿಯ ಕೊರತೆಯಿಂದಲ್ಲ. ಗರ್ಭ ಧರಿಸಿದ್ದು ಖಚಿತವಾದ ನೂರು ಮಂದಿಯಲ್ಲಿ 10ರಿಂದ 20 ಮಂದಿಗೆ ಗರ್ಭಪಾತವಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವುದರಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರೇ ಕಾರಣ. ತಾಯಿ ಏನು ಪ್ರಾರ್ಥಿಸಿದಳು, ಏನು ಬಿಟ್ಟಳು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಸಲ ಹೀಗಾದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇವನ್ನು ಸ್ತ್ರೀರೋಗ ತಜ್ಞರು ಪರೀಕ್ಷಿಸುತ್ತಾರೆ. ಇನ್ನೂ ಮಾಡಿಸಿರದಿದ್ದರೆ ಮಾಡಿಸಿ. ಸಭಾಪಾಲಕನಾಗಿ ಇಂಥ ಎಷ್ಟೋ ಮನೆಗಳಲ್ಲಿ ಕೂತಿದ್ದೇನೆ. ಮಗುವನ್ನು ಕಳೆದುಕೊಂಡ ತಾಯಿಯ ಮೇಲೆ ತಪ್ಪನ್ನೂ ಹೊರಿಸಿದರೆ ಅವಳು ಎರಡು ಸಲ ನೋಯುತ್ತಾಳೆ. ನಿಮಗೆ ಹಾಗಾಗಿದೆ. ಅದಕ್ಕಾಗಿ ನನಗೆ ದುಃಖವಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ದೇವರ ಭಯದಲ್ಲಿ ಆಶೀರ್ವಾದವಿದೆ ಎಂಬುದು ನಿಜ. ಸತ್ಯವೇದ ಅದನ್ನು ಮತ್ತೆಮತ್ತೆ ಹೇಳುತ್ತದೆ, ನಾನೂ ನಂಬುತ್ತೇನೆ, ನಂಬಿಯೇ ಬದುಕಿದ್ದೇನೆ. ಆದರೆ ನಿಮ್ಮನ್ನು ರಾತ್ರಿ ಒಂದು ಗಂಟೆಯವರೆಗೆ ಮಂಡಿಯೂರಿ ಕೂರಿಸುವುದು ಆ ಭಯವಲ್ಲ.

ಸತ್ಯವೇದದಲ್ಲಿ ಮನುಷ್ಯನ ಬಾಯಿಂದ ಭಯದ ಮಾತು ಮೊದಲು ಬರುವುದು ಆದಿಕಾಂಡದ 3ನೇ ಅಧ್ಯಾಯದಲ್ಲಿ. "ನಿನ್ನ ಸಪ್ಪಳ ಕೇಳಿ ಹೆದರಿ ಅಡಗಿಕೊಂಡೆ" ಎಂದು ಆದಾಮನು ಹೇಳುತ್ತಾನೆ. ಆ ಭಯ ದೇವರಿಂದ ದೂರ ಓಡಿಸುತ್ತದೆ. ಸೀನಾಯಿ ಬೆಟ್ಟದ ಬುಡದಲ್ಲಿ ಗುಡುಗು, ಮಿಂಚು, ಹೊಗೆ ನೋಡಿ ಜನ ನಡುಗಿ ದೂರ ನಿಂತಾಗ ಮೋಶೆ ಆಡಿದ ಮಾತು ವಿಮೋಚನಕಾಂಡ 20:20ರಲ್ಲಿದೆ. ಒಂದೇ ವಚನದಲ್ಲಿ ಮೊದಲು "ಹೆದರಬೇಡಿರಿ" ಎನ್ನುತ್ತಾನೆ, ನೀವು ಪಾಪ ಮಾಡದಂತೆ ಆತನ ಭಯ ನಿಮ್ಮಲ್ಲಿರಲಿ ಎಂದೇ ದೇವರು ಬಂದಿದ್ದಾನೆ ಎಂದು ಕೂಡಲೇ ಸೇರಿಸುತ್ತಾನೆ. ಹೆದರಬೇಡಿ, ಆದರೆ ಭಯವಿರಲಿ. ಇದರಲ್ಲಿ ಗೊಂದಲವಿಲ್ಲ, ಎರಡೂ ಬೇರೆ ಬೇರೆ ಭಯಗಳು. 5ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್, ನೀವು ಉಲ್ಲೇಖಿಸಿದ ಯೋಹಾನನ ಪತ್ರದ ಮೇಲೆಯೇ ಪ್ರಸಂಗ ಮಾಡುತ್ತ ಇದನ್ನು ಇಬ್ಬರು ಹೆಂಡಿರ ಉದಾಹರಣೆ ಕೊಟ್ಟು ಬಿಡಿಸಿದ. ಇಬ್ಬರಿಗೂ ಗಂಡನ ವಿಷಯದಲ್ಲಿ ಭಯವಿದೆ. ದಾರಿ ತಪ್ಪಿದವಳಿಗೆ ಗಂಡ ಎಲ್ಲಿ ಬಂದುಬಿಡುತ್ತಾನೋ ಎಂಬ ಭಯ. ಪ್ರೀತಿಸುವವಳಿಗೆ ಎಲ್ಲಿ ಬಿಟ್ಟುಹೋಗುತ್ತಾನೋ ಎಂಬ ಭಯ. ದೇವರು ಹತ್ತಿರ ಬಂದಾನು ಎಂದು ಅಂಜುವವನಿಗೂ ದೇವರಿಂದ ದೂರವಾದೇನು ಎಂದು ಅಂಜುವವನಿಗೂ ಇರುವ ಅಂತರ ಇಷ್ಟೇ.

ಇನ್ನೊಂದು ವಚನವನ್ನು ದಯವಿಟ್ಟು ನಿಧಾನವಾಗಿ ಓದಿ. 130ನೇ ಕೀರ್ತನೆಯ 3 ಮತ್ತು 4. ನೀನು ಪಾಪಗಳನ್ನು ಎಣಿಸುತ್ತ ಹೋದರೆ ಯಾರು ನಿಂತಾರು ಎಂದು ಕೀರ್ತನೆಗಾರ ಕೇಳುತ್ತಾನೆ. ಉತ್ತರವಾಗಿ, ನಿನ್ನಲ್ಲಿ ಕ್ಷಮೆ ಇದೆ, ಆದ್ದರಿಂದ ಜನ ನಿನಗೆ ಭಯಪಡುತ್ತಾರೆ ಎನ್ನುತ್ತಾನೆ. ಶಿಕ್ಷೆ ಇದೆ, ಆದ್ದರಿಂದ ಭಯಪಡುತ್ತಾರೆ ಎಂದಲ್ಲ. ಕ್ಷಮೆ ಸಿಕ್ಕಿತು ಎಂಬ ಬೆರಗಿನಿಂದ ಹುಟ್ಟುವ ಭಯಭಕ್ತಿ ಇದು. ನೀವು ದಿಕ್ಕನ್ನು ತಿರುಗಿಸಿಕೊಂಡಿದ್ದೀರಿ: ಸಾಕಷ್ಟು ಹೆದರಿದರೆ ಕ್ಷಮೆ ಸಿಗಬಹುದು ಎಂದುಕೊಂಡಿದ್ದೀರಿ. 103ನೇ ಕೀರ್ತನೆಯಂತೂ ತನಗೆ ಭಯಪಡುವವರನ್ನು ಆತ ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ಕನಿಕರಿಸುತ್ತಾನೆ, ನಾವು ಧೂಳಿಯೆಂಬುದನ್ನು ನೆನಪಿಟ್ಟುಕೊಳ್ಳುತ್ತಾನೆ ಎನ್ನುತ್ತದೆ. ನಿಮ್ಮ ಪಾಸ್ಟರ್ ಹೇಳಿದ ದೇವರಿಗೆ ಈ ನೆನಪೇ ಇದ್ದಂತಿಲ್ಲ.

ಅವರ ಮಾತಿನ ಹಿಂದೆ ಒಂದು ಲೆಕ್ಕವಿದೆ. ಇಷ್ಟು ಭಯ ಕೊಟ್ಟರೆ ಇಷ್ಟು ಹಣ, ಇಷ್ಟು ಆರೋಗ್ಯ, ಇಷ್ಟು ಮಕ್ಕಳು. ಇವು ಬಾರದಿದ್ದರೆ ಭಯ ಕಡಿಮೆಯಾಗಿದೆ ಎಂದರ್ಥ. ಈ ಲೆಕ್ಕವನ್ನು ಸತ್ಯವೇದದಲ್ಲಿ ಮೊದಲು ಬಾಯಿಬಿಟ್ಟು ಹೇಳಿದವನು ಸೈತಾನ. ಯೋಬನ ಗ್ರಂಥದ 1ನೇ ಅಧ್ಯಾಯದಲ್ಲಿ "ಯೋಬನು ಲಾಭವಿಲ್ಲದೆ ದೇವರಿಗೆ ಭಯಪಡುತ್ತಾನೋ?" ಎಂದು ಕೇಳುವುದು ಅವನೇ. ಯೋಬನಿಗೆ ದೇವರ ಭಯವಿತ್ತು ಎಂದು ಅದಕ್ಕೆ ಮೊದಲೇ ದೇವರೇ ಸಾಕ್ಷಿ ಹೇಳಿಯಾಗಿತ್ತು. ಆದರೂ ಅವನ ದನಕರು, ಮಕ್ಕಳು, ಮೈಯ ಆರೋಗ್ಯ ಎಲ್ಲ ಹೋದವು. ನಿನ್ನಲ್ಲೇ ಏನೋ ದೋಷವಿರಬೇಕು ಎಂದು ಮೂವರು ಗೆಳೆಯರು ಅಧ್ಯಾಯಗಟ್ಟಲೆ ವಾದಿಸಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಹೊಸ ಒಡಂಬಡಿಕೆಗೆ ಬಂದರೆ ಲೂಕನ ಸುವಾರ್ತೆ ಶುರುವಾಗುವುದೇ ಮಕ್ಕಳಿಲ್ಲದ ಒಂದು ಮನೆಯಿಂದ. ಜಕರೀಯ, ಎಲಿಸಬೇತ ಇಬ್ಬರೂ ದೇವರ ದೃಷ್ಟಿಯಲ್ಲಿ ನೀತಿವಂತರು, ಕರ್ತನ ಆಜ್ಞೆಗಳಲ್ಲಿ ತಪ್ಪಿಲ್ಲದೆ ನಡೆದವರು ಎಂದು ಹೇಳಿದ ಮೇಲೆಯೇ ಲೂಕನು ಅವರಿಗೆ ಮಕ್ಕಳಿರಲಿಲ್ಲ ಎಂದು ಬರೆಯುತ್ತಾನೆ. ಅವರಿಗೆ ಕೊನೆಗೆ ಮಗ ಹುಟ್ಟಿದನಲ್ಲ ಎಂದು ಯಾರಾದರೂ ಹೇಳಬಹುದು. ಹುಟ್ಟಿದನು, ಆದರೆ ಬರಿದಾಗಿದ್ದ ಅಷ್ಟೂ ವರ್ಷ ಅವರು ನೀತಿವಂತರೇ ಆಗಿದ್ದರು. ನಾನು ಹಿಡಿದುಕೊಳ್ಳಿ ಎನ್ನುವುದು ಅದನ್ನು. ಸಿಲೊವಾಮಿನ ಗೋಪುರ ಬಿದ್ದು 18 ಮಂದಿ ಸತ್ತಾಗ ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳೋ ಎಂಬ ಪ್ರಶ್ನೆಗೆ ಯೇಸು ಅಲ್ಲವೆಂದರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದನ್ನೇ ಕೇಳಿದಾಗಲೂ ಅಲ್ಲವೆಂದರು.

ಹಾಗಾದರೆ 128ನೇ ಕೀರ್ತನೆ? ಇದು ನಿಮಗೆ ಗಾಯವಾಗಿರುವ ಜಾಗವೆಂದು ಗೊತ್ತು. ಇದನ್ನು ಮದುವೆಯಲ್ಲಿ ಓದುವ ಪದ್ಧತಿ ಹಳೆಯದು. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಮದುವೆಯ ಕ್ರಮದಲ್ಲೇ ಇದು ಇದೆ, ಅಲ್ಲಿಂದ ನಮ್ಮ ಸಭೆಗಳಿಗೂ ಬಂದಿದೆ. ಮದುವೆಯಲ್ಲಿ ಕೇಳಿದವರಿಗೆ ದ್ರಾಕ್ಷಾಲತೆಯಂಥ ಹೆಂಡತಿ, ಎಣ್ಣೆಮರದ ಸಸಿಗಳಂಥ ಮಕ್ಕಳು ಇಷ್ಟೇ ನೆನಪಲ್ಲಿ ಉಳಿಯುತ್ತದೆ. ಆದರೆ ದೇವರಿಗೆ ಭಯಪಡುವವನಿಗೆ ಅಲ್ಲಿ ಹೇಳಿರುವ ಮೊದಲ ಆಶೀರ್ವಾದ ಬೇರೆಯದು: ನಿನ್ನ ಕೈ ದುಡಿದದ್ದನ್ನು ನೀನೇ ಉಣ್ಣುವಿ. ಬಿತ್ತಿದವನೊಬ್ಬ, ಕಟಾವಿನ ಹೊತ್ತಿಗೆ ಬಂದು ದೋಚುವವನೊಬ್ಬ ಎಂಬುದು ಆ ನಾಡಿನ ದಿನನಿತ್ಯದ ದುಃಖವಾಗಿತ್ತು. ನ್ಯಾಯಸ್ಥಾಪಕರ ಕಾಲದಲ್ಲಿ ಮಿದ್ಯಾನರು ಬಂದು ಬೆಳೆ ಹಾಳುಮಾಡಿ ಹೋಗುತ್ತಿದ್ದರು, ಗಿದ್ಯೋನನು ಗೋಧಿಯನ್ನು ದ್ರಾಕ್ಷಿಯ ಆಲೆಯಲ್ಲಿ ಬಚ್ಚಿಟ್ಟುಕೊಂಡು ಬಡಿಯುತ್ತಿದ್ದ. ಅಂಥ ಜನಕ್ಕೆ ದುಡಿದವನ ತುತ್ತು ದುಡಿದವನ ಬಾಯಿಗೇ ಸೇರುವುದಕ್ಕಿಂತ ದೊಡ್ಡ ಮಾತಿಲ್ಲ. ಮತ್ತೆ ಇದು ಯಾತ್ರೆಯ ಹಾಡು. ಊರವರೆಲ್ಲ ಗುಂಪಾಗಿ ಯೆರೂಸಲೇಮಿಗೆ ಹತ್ತುವಾಗ ಹಾಡಿದ್ದು. ಮುಗಿಯುವುದು ಇಸ್ರಾಯೇಲಿಗೆ ಶಾಂತಿ ಇರಲಿ ಎಂದು. ದೇವರಿಗೆ ಅಂಜುವ ಜನ ತುಂಬಿದ ಊರು ಹೇಗಿರುತ್ತದೆ ಎಂಬ ಚಿತ್ರ ಅದು. ಒಂದೊಂದು ಮನೆಗೂ ಹೋಗಿ ಮಕ್ಕಳನ್ನು ಎಣಿಸಿ ಭಕ್ತಿ ಅಳೆಯುವ ಕೋಲಲ್ಲ. ಜ್ಞಾನೋಕ್ತಿಗಳೂ ಹಾಗೆಯೇ. ಬದುಕು ಸಾಮಾನ್ಯವಾಗಿ ಹೇಗೆ ಸಾಗುತ್ತದೆ ಎಂದು ಹಿರಿಯರು ಕಂಡು ಹೇಳಿದ ಮಾತುಗಳವು. ಅವನ್ನು ಕರಾರುಪತ್ರದಂತೆ ಓದಿದರೆ ಪಕ್ಕದಲ್ಲೇ ಇರುವ ಯೋಬನ ಗ್ರಂಥವನ್ನು ಹರಿದುಹಾಕಬೇಕಾಗುತ್ತದೆ.

ಆಶೀರ್ವಾದ ಹಾಗಾದರೆ ಯಾವುದು? ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಏಕೆಂದರೆ ನಮ್ಮ ಪ್ರಸಂಗಗಳಲ್ಲಿ ಬಿಟ್ಟುಹೋಗಿರುವುದು ಇದೇ.

ವಿಮೋಚನಕಾಂಡದ 1ನೇ ಅಧ್ಯಾಯದಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಬರುತ್ತಾರೆ. ಇಬ್ರಿಯರ ಗಂಡುಕೂಸುಗಳನ್ನು ಹುಟ್ಟುತ್ತಲೇ ಕೊಲ್ಲಿರಿ ಎಂದು ಫರೋಹನ ಅಪ್ಪಣೆ. ಆ ಕಾಲದ ಅತಿ ಬಲಿಷ್ಠ ಅರಸು ಅವನು, ಇವರು ಹೆರಿಗೆ ಮಾಡಿಸುವ ಹೆಂಗಸರು. ಅವರು ದೇವರಿಗೆ ಭಯಪಟ್ಟು ಕೂಸುಗಳನ್ನು ಉಳಿಸಿದರು ಎಂದಿದೆ. ಫರೋಹ ಕರೆಸಿ ಕೇಳಿದಾಗ ಎದುರು ನಿಂತು ಉತ್ತರವನ್ನೂ ಕೊಟ್ಟರು. ದೇವರ ಭಯ ಅವರನ್ನು ಪುಕ್ಕಲರನ್ನಾಗಿ ಮಾಡಲಿಲ್ಲ, ಉಳಿದ ಭಯಗಳನ್ನು ಚಿಕ್ಕದು ಮಾಡಿತು. ದೇವರು ಅವರಿಗೂ ವಂಶಾಭಿವೃದ್ಧಿ ಕೊಟ್ಟನೆಂದು ಕೊನೆಗೆ ಬರುತ್ತದೆ, ನಿಜ. ಆದರೆ ಅವರ ಭಯದ ಫಲ ಮೊದಲು ಸಿಕ್ಕಿದ್ದು ಬೇರೆಯವರ ಮಕ್ಕಳಿಗೆ. ಆ ಕೂಸುಗಳು ಬದುಕಿದವು.

ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಕಿವುಡನನ್ನು ಶಪಿಸಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ, ನಿನ್ನ ದೇವರಿಗೆ ಭಯಪಡು ಎಂದಿದೆ. ಕಿವುಡನಿಗೆ ಕೇಳಿಸುವುದಿಲ್ಲ, ಕುರುಡನಿಗೆ ಕಾಣಿಸುವುದಿಲ್ಲ. ಸಿಕ್ಕಿಬೀಳುವ ಅಂಜಿಕೆಯೇ ಇಲ್ಲದ ಕಡೆ ಮನುಷ್ಯನ ಕೈಯನ್ನು ತಡೆಯುವುದು ದೇವರ ಭಯವೊಂದೇ. ಅದೇ ಅಧ್ಯಾಯದಲ್ಲಿ ತಲೆನರೆತವರ ಮುಂದೆ ಎದ್ದು ನಿಲ್ಲು, 25ನೇ ಅಧ್ಯಾಯದಲ್ಲಿ ಬಡವನಾದ ಸಹೋದರನಿಂದ ಬಡ್ಡಿ ತೆಗೆಯಬೇಡ, ಆಳಿನ ಮೇಲೆ ಕ್ರೂರವಾಗಿ ದೊರೆತನ ಮಾಡಬೇಡ. ಪ್ರತಿ ಸಲವೂ ಜೊತೆಗೆ ಅದೇ ಮಾತು, ನಿನ್ನ ದೇವರಿಗೆ ಭಯಪಡು. ನೆಹೆಮೀಯನು 12 ವರ್ಷ ಯೆಹೂದ ನಾಡಿನ ದೇಶಾಧಿಪತಿಯಾಗಿದ್ದ. ಹಿಂದಿನವರು ಜನರಿಂದ ಅನ್ನ, ದ್ರಾಕ್ಷಾರಸ, ಮೇಲೆ 40 ಶೆಕೆಲ್ ಬೆಳ್ಳಿ ವಸೂಲಿ ಮಾಡುತ್ತಿದ್ದರು. ದೇವರ ಭಯದಿಂದ ನಾನು ಹಾಗೆ ಮಾಡಲಿಲ್ಲ ಎಂದು ಆತ ಬರೆದಿದ್ದಾನೆ. ಸಾಲಕ್ಕೆ ಹೊಲ, ಮನೆ ಒತ್ತೆಯಿಟ್ಟು ಮಕ್ಕಳನ್ನೂ ಜೀತಕ್ಕೆ ಬಿಟ್ಟವರ ಗೋಳು ಕೇಳಿ, ನೀವು ದೇವರ ಭಯದಲ್ಲಿ ನಡೆಯಬೇಕಲ್ಲವೇ ಎಂದು ಆತ ಗದರಿಸಿದ್ದು ಸಾಲಗಾರರನ್ನಲ್ಲ, ಸಾಲ ಕೊಟ್ಟವರನ್ನು. ಹೊಲ, ಮನೆ, ಬಡ್ಡಿ ಎಲ್ಲವನ್ನೂ ವಾಪಸು ಕೊಡಿಸಿದ.

ದೇವರಿಗೆ ನಿಜವಾಗಿ ಅಂಜುವವನ ಕೈಕೆಳಗಿರುವವರು ಅಂಜಬೇಕಾಗಿಲ್ಲ. ದೇವರ ಭಯ ಇರುವ ಮನೆಯನ್ನು, ಸಭೆಯನ್ನು ನಾನು ಗುರುತಿಸುವುದು ಹೀಗೆಯೇ. ಜ್ಞಾನೋಕ್ತಿ 14:26ರ ಪ್ರಕಾರ ಅಂಥವನ ಮಕ್ಕಳಿಗೆ ಆಶ್ರಯವಿರುತ್ತದೆ. ನಿಮ್ಮ ಮಗಳು ಹಾಸಿಗೆಯಲ್ಲಿ ನಡುಗುತ್ತಿದ್ದಾಳೆಂದರೆ ಅವಳವರೆಗೆ ಬಂದಿರುವುದು ಬೇರೆ ಯಾವುದೋ ಭಯ. ಇನ್ನೂ ಕೆಲವು ಆಶೀರ್ವಾದಗಳಿವೆ, ಅವನ್ನು ಹೊರಗಿನಿಂದ ತೋರಿಸಲಾಗುವುದಿಲ್ಲ. ತನಗೆ ಭಯಪಡುವವರನ್ನು ಆತ ಆಪ್ತರನ್ನಾಗಿ ಮಾಡಿಕೊಳ್ಳುತ್ತಾನೆ ಎಂದು 25ನೇ ಕೀರ್ತನೆ ಹೇಳುತ್ತದೆ. ಎಲ್ಲ ಕಳೆದುಕೊಂಡ ಮೇಲೂ ದೇವರೊಂದಿಗೆ ಮಾತು ನಿಲ್ಲಿಸದ ಮುದುಕಿಯರನ್ನು ನಮ್ಮ ಸಭೆಗಳಲ್ಲಿ ಕಂಡಿದ್ದೇನೆ. ಅವರ ಹತ್ತಿರ ಕೂತರೆ ಈ ವಚನಕ್ಕೆ ವಿವರಣೆ ಬೇಕಾಗುವುದಿಲ್ಲ.

ಯೋಹಾನನ ಮಾತು ಇದಕ್ಕೆ ವಿರುದ್ಧವೇ? ಅಲ್ಲ. ಪ್ರೀತಿ ಯಾವ ಭಯವನ್ನು ಓಡಿಸುತ್ತದೆ ಎಂದು ಅದೇ ವಚನ ಹೇಳುತ್ತದೆ: ಶಿಕ್ಷೆಯನ್ನು ನೆನೆಯುವ ಭಯವನ್ನು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲನೂ ತಿರುಗಿ ಭಯಕ್ಕೆ ಬೀಳಿಸುವ ದಾಸತ್ವದ ಆತ್ಮ ನಿಮಗೆ ಕೊಟ್ಟಿದ್ದಲ್ಲ, ಅಪ್ಪಾ ಎಂದು ಕೂಗುವ ಮಕ್ಕಳ ಆತ್ಮ ಕೊಟ್ಟಿದ್ದು ಎನ್ನುತ್ತಾನೆ. ಆದರೆ ಕೃಪೆ ಬಂದ ಮೇಲೆ ಭಯಭಕ್ತಿಯೇ ಬೇಡ ಎಂದು ಕೆಲವರು ಬೋಧಿಸುತ್ತಾರಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ಅಪೊಸ್ತಲರ ಕೃತ್ಯಗಳು 9:31ರಲ್ಲಿ ಸಭೆ ಕರ್ತನ ಭಯದಲ್ಲಿಯೂ ಪವಿತ್ರಾತ್ಮನ ಆದರಣೆಯಲ್ಲಿಯೂ ಬೆಳೆಯಿತು ಎಂದಿದೆ. ಎರಡೂ ಒಟ್ಟಿಗೇ ಇದ್ದವು. ಯೇಸು ದೇಹವನ್ನೂ ಆತ್ಮವನ್ನೂ ನಾಶಮಾಡಬಲ್ಲಾತನಿಗೆ ಹೆದರಿರಿ ಎಂದದ್ದು ನಿಜ. ಅದನ್ನು ನಾನು ತೆಳುಮಾಡಲಾರೆ. ಆದರೆ ಹಾಗೆ ಹೇಳಿ ಉಸಿರು ಬಿಡುವಷ್ಟರಲ್ಲಿ, ಒಂದು ಗುಬ್ಬಿಯೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳುವುದಿಲ್ಲ, ಹೆದರಬೇಡಿರಿ ಎಂದರು. ಮೊದಲ ಮಾತನ್ನು ಹೇಳಿ ಎರಡನೆಯದನ್ನು ನುಂಗುವ ಪ್ರಸಂಗ ಯೇಸುವಿನ ಪ್ರಸಂಗವಲ್ಲ.

ಇನ್ನು ನಿಮ್ಮ ರಾತ್ರಿಗಳ ವಿಷಯ. ಕ್ಷಮೆಯಿಲ್ಲದ ಪಾಪ ಎಂಬ ಮಾತು ಮಾರ್ಕನ 3ನೇ ಅಧ್ಯಾಯದಲ್ಲಿ ಬರುವ ಸಂದರ್ಭ ನೋಡಿ. ಕಣ್ಣೆದುರು ಯೇಸು ದೆವ್ವ ಹಿಡಿದವರನ್ನು ಬಿಡಿಸುತ್ತಿದ್ದರೂ, ಇದು ದೆವ್ವದ ಕೆಲಸ ಎಂದು ಬೇಕೆಂದೇ ಸಾರುತ್ತಿದ್ದ ಶಾಸ್ತ್ರಿಗಳಿಗೆ ಆಡಿದ ಮಾತು ಅದು. ಅವರಿಗೆ ಯಾವ ಅಳುಕೂ ಇರಲಿಲ್ಲ, ಕ್ಷಮೆ ಬೇಕೆಂದೂ ಇರಲಿಲ್ಲ. ಮಾಡಿಬಿಟ್ಟೆನೇನೋ ಎಂದು ಅಳುವವರು ಆ ಗುಂಪಿನವರಲ್ಲ. ಮೂರು ಸಲ ನಾನವನನ್ನು ಅರಿಯೆ ಎಂದ ಪೇತ್ರನನ್ನೇ ಕರ್ತನು ಕರೆದು ಕುರಿಗಳನ್ನು ಒಪ್ಪಿಸಿದನು.

ಆದರೆ ಇದನ್ನು ಓದಿ ನಿಮಗೆ ಒಂದು ದಿನ ಸಮಾಧಾನವಾಗಿ, ಮರುದಿನ ಅದೇ ಅನುಮಾನ ಮತ್ತೆ ಬಂದರೆ ಆಶ್ಚರ್ಯವಿಲ್ಲ. ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆಮತ್ತೆ ಅದೇ ಪ್ರಾರ್ಥನೆ, ಮಾಡಿದಷ್ಟೂ ಹೆಚ್ಚುವ ಸಂಶಯ. ಇದನ್ನು ವೈದ್ಯರು ಗೀಳು ಕಾಯಿಲೆ ಎನ್ನುತ್ತಾರೆ. ಕೆಲವರಲ್ಲಿ ಅದು ಕೈ ತೊಳೆಯುವ ರೂಪದಲ್ಲಿ ಬರುತ್ತದೆ, ಭಕ್ತಿಯುಳ್ಳವರಲ್ಲಿ ಪಾಪ ಅರಿಕೆಯ ರೂಪದಲ್ಲೂ ಬರುತ್ತದೆ. ನಿಮಗೆ ಅದೇ ಎಂದು ಪತ್ರ ನೋಡಿ ನಾನು ತೀರ್ಮಾನಿಸಲಾರೆ, ಮನೋವೈದ್ಯರು ಹೇಳಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಸಾಕು ಎನಿಸಿದ ದಿನವಂತೂ ಕಾಯಬೇಡಿ. ಈ ಕಾಯಿಲೆಗೆ ಮಾತಿನ ಚಿಕಿತ್ಸೆಯೂ ಮಾತ್ರೆಯೂ ಇವೆ. ಮಾತ್ರೆ ಹಿಡಿಯಲು ವಾರಗಳು ಬೇಕು, ಶುರುವಿನಲ್ಲಿ ಹೊಟ್ಟೆ ತೊಳೆಸುವುದು, ನಿದ್ದೆ ಏರುಪೇರಾಗುವುದು ಉಂಟು, ನೀವೇ ಮಧ್ಯದಲ್ಲಿ ಬಿಡಬಾರದು. ನಂಬಿಕೆ ನನಗೆ ಮುಖ್ಯ ಎಂದು ವೈದ್ಯರಿಗೆ ಮೊದಲೇ ಹೇಳಿ. ಅದನ್ನು ಹಗುರವಾಗಿ ಕಂಡವರು ಸಿಕ್ಕರೆ ಬೇರೆಯವರನ್ನು ನೋಡಿ. ವೈದ್ಯರ ಬಳಿ ಹೋಗುವುದು ಅವಿಶ್ವಾಸ ಎಂದು ಯಾರಾದರೂ ಅಂದರೆ, ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯನೆಂದು ಕರೆದಿದ್ದಾನೆ ಎಂದು ಹೇಳಿ.

ಈ ದಾರಿಯಲ್ಲಿ ನೀವು ಮೊದಲಿಗರಲ್ಲ. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ 1505ರಲ್ಲಿ ಸಿಡಿಲಿಗೆ ಹೆದರಿ ಹರಕೆ ಹೊತ್ತು ಎರ್ಫರ್ಟಿನ ಮಠ ಸೇರಿದವರು. ಅಲ್ಲಿ ಪಾಪ ಅರಿಕೆಗೆ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ, ಎದ್ದ ಮೇಲೆ ಏನೋ ಮರೆತೆನೆಂದು ಮತ್ತೆ ಓಡಿಬರುತ್ತಿದ್ದರು. ಅವರ ಮೇಲಿನವರಾದ ಸ್ಟೌಪಿಟ್ಸ್, ನಿನ್ನನ್ನು ನೋಡಿಕೊಳ್ಳುವುದು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ತಿರುಗಿಸಿದರು. ಅಷ್ಟು ನರಳಿದ ಲೂಥರ್ ಆಮೇಲೆ ಭಯವನ್ನೇ ಎತ್ತಿ ಎಸೆಯಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1529ರಲ್ಲಿ ಮನೆಮಂದಿಗೆಂದು ಬರೆದ ಚಿಕ್ಕ ಪ್ರಶ್ನೋತ್ತರದಲ್ಲಿ ಆಜ್ಞೆಗಳನ್ನು ವಿವರಿಸುವಾಗ ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು ಎಂದೇ ಶುರುಮಾಡುತ್ತಾರೆ. ಭಯದ ಪಕ್ಕಕ್ಕೆ ಪ್ರೀತಿ ಬಂದು ಕೂತಿದೆ.

ವೈದ್ಯರನ್ನು ಕಾಣುವವರೆಗೆ ಒಂದು ಕೆಲಸ ಮಾಡಿ. ನಮ್ಮ ಆರಾಧನಾ ಕ್ರಮದಲ್ಲಿ ಪಾಪ ಅರಿಕೆ ಒಂದೇ ಸಲ. ಆಮೇಲೆ ಕ್ಷಮೆಯ ಮಾತು, ಆಮೇಲೆ ಸ್ತೋತ್ರ. ಏನೋ ಬಿಟ್ಟುಹೋಯಿತೆಂದು ಯಾರೂ ಪುಟ ಹಿಂದಕ್ಕೆ ತಿರುಗಿಸುವುದಿಲ್ಲ. ಮನೆಯಲ್ಲೂ ಹಾಗೇ ಇರಲಿ. ಬರೆದಿಟ್ಟ ಪ್ರಾರ್ಥನೆಯನ್ನು ಒಂದು ಸಲ ಓದಿ, 103ನೇ ಕೀರ್ತನೆ ಓದಿ, ದೀಪ ಆರಿಸಿ ಮಲಗಿ. ಮತ್ತೆ ಏಳಬೇಕೆನಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಏಳಬೇಡಿ. ಮೊದಲ ಕೆಲವು ರಾತ್ರಿ ಸಂಕಟ ಹೆಚ್ಚಾಗುತ್ತದೆ, ಅದನ್ನು ದೇವರ ಕೋಪವೆಂದು ಓದಬೇಡಿ.

ಸಭೆಯ ವಿಷಯದಲ್ಲಿ ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಪೂರ್ತಿ ಸಲೀಸಲ್ಲ. ಪಾಸ್ಟರ್ ಬಳಿಯೇ ಮಾತಾಡಬಹುದು. ಒಬ್ಬರೇ ಹೋಗಬೇಡಿ. ಅವರು ಯೋಬನ ಕಥೆಯನ್ನು ಹೇಗೆ ಓದುತ್ತಾರೆ ಎಂದು ಕೇಳಿ. ಕೇಳಿಸಿಕೊಂಡರೆ ಒಳ್ಳೆಯದು, ಅವರೂ ಬಹುಶಃ ತಾವು ಕಲಿತದ್ದನ್ನೇ ಹೇಳಿದ್ದಾರೆ. ಪ್ರಶ್ನೆ ಕೇಳಿದ್ದನ್ನೇ ಎದುರುತ್ತರ ಎಂದುಕೊಂಡು ಮುಂದಿನ ಭಾನುವಾರ ಪ್ರಸಂಗದಲ್ಲಿ ನಿಮ್ಮ ಮನೆಯ ಮಾತು ಎತ್ತುವ ಅಪಾಯವೂ ಇದೆ. ಬೇರೆ ಸಭೆಗೆ ಹೋಗಬಹುದು. ಆದರೆ ಕಷ್ಟದಲ್ಲಿ ಅನ್ನ ತಂದುಕೊಟ್ಟ ಅಕ್ಕಂದಿರು ಅಲ್ಲಿಯೇ ಉಳಿಯುತ್ತಾರೆ, ಒಂಟಿತನ ಕಾಡುತ್ತದೆ, ಹೊಸ ಕಡೆಯೂ ಇದೇ ಬೋಧನೆ ಇರಬಹುದು. ಎಲ್ಲವನ್ನೂ ಒಮ್ಮೆಗೇ ಬಿಟ್ಟು ಮನೆಯಲ್ಲಿ ಕೂರುವುದನ್ನು ಮಾತ್ರ ನಾನು ಹೇಳುವುದಿಲ್ಲ. ನಿಮ್ಮಂಥ ಮನಸ್ಸಿಗೆ ಖಾಲಿ ಮನೆ ಒಳ್ಳೆಯದಲ್ಲ. ಸದ್ಯಕ್ಕೆ ಭಾನುವಾರದ ಆರಾಧನೆಗೆ ಹೋಗಿ, ರಾತ್ರಿಯ ಉಪವಾಸ ಪ್ರಾರ್ಥನೆಗಳಿಂದ ಬಿಡುವು ತೆಗೆದುಕೊಳ್ಳಿ, ಆರು ತಿಂಗಳು ನೋಡಿ. ಅಷ್ಟರಲ್ಲಿ ನಿಮ್ಮ ನಷ್ಟವನ್ನು ಮತ್ತೆ ಶಾಪವೆಂದರೆ ಹೊರಡಿ. ಹೊರಟರೆ ದೇವರನ್ನು ಬಿಟ್ಟಂತಾಗುವುದಿಲ್ಲ.

ಮಗಳನ್ನು ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾದರೆ ಅಂಜಿಕೆಯಿಂದ ಇರಬಹುದು, ಮೂತ್ರದ ಸೋಂಕಿನಿಂದಲೂ ಇರಬಹುದು. ಅವಳ ಪ್ರಶ್ನೆಗೆ ಉತ್ತರ ಕೊಡಿ, ಸುಮ್ಮನಾಗಿಸಬೇಡಿ. "ಪಾಪು ಹೋಗಿದ್ದು ಯಾರ ತಪ್ಪಿಂದಲೂ ಅಲ್ಲ ಕಂದಾ, ನಿನ್ನ ತಪ್ಪಿಂದ ಅಂತೂ ಅಲ್ಲವೇ ಅಲ್ಲ. ದೇವರು ಮಕ್ಕಳನ್ನ ಹತ್ತಿರ ಕರೀತಾನೆ, ಹೆದರಿಸಲ್ಲ" ಎಂದು ಅವಳ ಮಾತಲ್ಲೇ ಹೇಳಿ. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ ಎಂಬಂಥ ಮಾತು ಮನೆಯಲ್ಲಿ, ಸಂಡೇ ಸ್ಕೂಲಿನಲ್ಲಿ ಯಾರಾದರೂ ಆಡುತ್ತಿದ್ದರೆ ನಿಲ್ಲಿಸಿ. ನಿಮ್ಮ ರಾತ್ರಿಯ ಪ್ರಾರ್ಥನೆಯನ್ನು ಅವಳು ನೋಡುತ್ತಾಳೆ ಎಂಬುದನ್ನೂ ನೆನಪಿಡಿ.

ಸಾಲ ಮಾಡಿ ದಶಾಂಶ ಕೊಡುವುದನ್ನು ಈ ತಿಂಗಳೇ ನಿಲ್ಲಿಸಿ. ಕೊಡುವ ಮನಸ್ಸಿದ್ದರೆ ಇದ್ದದ್ದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಪೌಲನು 2 ಕೊರಿಂಥದ 8ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಸಂಘದ ಕಂತು ಕಟ್ಟುವುದು ನಿಮ್ಮ ಮೊದಲ ಜವಾಬ್ದಾರಿ. ನೀವು ಕಟ್ಟದಿದ್ದರೆ ಜೊತೆಯ ಹೆಂಗಸರು ಕಟ್ಟಬೇಕಾಗುತ್ತದೆ. ದಶಾಂಶಕ್ಕೆ ಎಲ್ಲರೂ ತೋರಿಸುವ ವಚನ ಮಲಾಕಿಯ 3:10. ಪರಲೋಕದ ದ್ವಾರಗಳನ್ನು ತೆರೆದು ಸುರಿಯುವೆನು ಎಂಬುದು. ಅದೇ ಅಧ್ಯಾಯದ 5ನೇ ವಚನವನ್ನು ಓದಿದ್ದು ಎಷ್ಟು ಸಲ ಕೇಳಿದ್ದೀರಿ? ತನಗೆ ಭಯಪಡದವರು ಯಾರೆಂದು ದೇವರು ಅಲ್ಲಿ ಪಟ್ಟಿ ಕೊಡುತ್ತಾನೆ: ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡುವವರು, ಕೂಲಿಯವನ ಕೂಲಿಯನ್ನು ತಡೆದು ಬಾಧಿಸುವವರು, ವಿಧವೆಯನ್ನೂ ಅನಾಥರನ್ನೂ ಹಿಂಸಿಸುವವರು, ಪರದೇಶಿಗೆ ನ್ಯಾಯ ತಪ್ಪಿಸುವವರು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಗ್ಯಾರೇಜು ಮುಳುಗುವಾಗ ಹುಡುಗರ ಸಂಬಳ ಉಳಿಸಿಕೊಂಡಿದ್ದರೂ ನಿಮ್ಮ ಯಜಮಾನರನ್ನು ಕೇಳುವವರು ಇರಲಿಲ್ಲ. ಅವರು ಬೈಕ್ ಮಾರಿ ಕೊಟ್ಟರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನಾನು ಹೇಳಲಾರೆ, ಸಭೆಗೆ ಬಾರದಿರುವುದು ಒಳ್ಳೆಯದೆಂದೂ ಹೇಳುವುದಿಲ್ಲ. ಆದರೆ ಮಲಾಕಿಯನ ಪಟ್ಟಿಯ ಆ ಸಾಲಿನಲ್ಲಿ ಅವರ ಹೆಸರಿಲ್ಲ. ನೋವಾಗಿ ದೂರ ಹೋದವರನ್ನು ದೈವಭಯವಿಲ್ಲದವರೆಂದು ಎಣಿಸಬೇಡಿ. ಇಂದು ರಾತ್ರಿ ನಿಮ್ಮ ಪ್ರಾರ್ಥನೆಯ ವಿಷಯ, ಸಂಘದ ಸಾಲದ ವಿಷಯ ಎರಡನ್ನೂ ಮುಚ್ಚಿಡದೆ ಅವರಿಗೆ ಹೇಳಿ. ಡಾಕ್ಟರ ಬಳಿಗೂ ಪಾಸ್ಟರ್ ಬಳಿಗೂ ಜೊತೆಯಲ್ಲಿ ಬರಲು ಅವರನ್ನೇ ಕೇಳಿ.